ಕಾಕಾ ತಪ್ಪು ಕೇಳಿಸಿಕೊಂಡ ಶಬ್ದ

ಹೋದ ವಾರ ಹೈದರಾಬಾದಿನ ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಾಸಿವೆ ಎಣ್ಣೆಯ ವಾಸನೆ ತುಂಬಿಕೊಂಡಿತ್ತು. ನಾಲ್ಕನೇ ಮಹಡಿಗೆ ಹೊಸದಾಗಿ ಬಂದ ಬಂಗಾಳಿ ದಂಪತಿ ಮೀನು ಕರಿದಿದ್ದರಂತೆ. ಜೊತೆಗಿದ್ದ ಇಬ್ಬರು ಹುಡುಗಿಯರು ಮೂಗು ಮುಚ್ಚಿಕೊಂಡರು. ನಾನು ಇಳಿಯಬೇಕಾದ ಮಹಡಿ ಮರೆತು ಮೇಲಕ್ಕೆ ಹೋಗಿಬಿಟ್ಟೆ. ನಮ್ಮ ಉತ್ತರ ಕರ್ನಾಟಕದವರ ಅಡುಗೆಮನೆಗೆ ಈ ಎಣ್ಣೆ ಬರುವುದೇ ಇಲ್ಲ. ಶೇಂಗಾ ಎಣ್ಣೆ, ತಪ್ಪಿದರೆ ಕುಸುಬಿ ಎಣ್ಣೆ. ಆದರೂ ನನ್ನ ಚಿಕ್ಕಂದಿನ ಬೇಸಿಗೆಗಳೆಲ್ಲ ಇದೇ ವಾಸನೆಯಲ್ಲಿ ಕಳೆದವು. ಇದೇ ಊರಿನ ಮಲ್ಕಾಜ್‌ಗಿರಿಯಲ್ಲಿ ನಮ್ಮ ರೈಲ್ವೆ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕುಳಿತು ಎರಡೂ ಕಾಲಿಗೆ ಸಾಸಿವೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದವರು ಒಬ್ಬರಿದ್ದರು...

ಅವರನ್ನು ನಾವು ಕಾಕಾ ಎನ್ನುತ್ತಿದ್ದೆವು. ಸಂಬಂಧಿಕರೇನಲ್ಲ. ಬೆಟಗೇರಿಯ ನೇಕಾರರ ಮನೆಯವರು. ನಮ್ಮ ಅಪ್ಪ ಹುಬ್ಬಳ್ಳಿಯವರು. ಇಬ್ಬರೂ ಹುಡುಗರಾಗಿದ್ದಾಗ ಹುಬ್ಬಳ್ಳಿಯಲ್ಲಿ ಒಂದೇ ಟೀಮಿಗೆ ಫುಟ್‌ಬಾಲ್ ಆಡಿದವರು, ಇಲ್ಲಿ ರೈಲ್ವೆ ಟೀಮಿನ ಆಯ್ಕೆ ಇದೆಯೆಂದು ಕೇಳಿ ಒಂದೇ ರೈಲಿನಲ್ಲಿ ಹೈದರಾಬಾದಿಗೆ ಬಂದವರು. ಅಪ್ಪನಿಗೆ ನೌಕರಿ ಸಿಕ್ಕಿ ಅವರು ಇಲ್ಲಿಯೇ ಉಳಿದರು. ಕಾಕಾ ಊರೂರು ಆಡುತ್ತಾ ಹೋದರು. ಮೊದಲು ಕಲ್ಕತ್ತಾ, ಆಮೇಲೆ ಗೋವಾ, ಕೇರಳ, ಪಂಜಾಬ್, ನಡುವೆ ಒಂದು ವರ್ಷ ಬೊಂಬಾಯಿ, ಮತ್ತೆ ಕಲ್ಕತ್ತಾ. ಎಲ್ಲಿ ಹೋದರೂ ಅವರ ಜಾಗ ಒಂದೇ, ಸೆಂಟರ್ ಫಾರ್ವರ್ಡ್, ಗೋಲು ಹೊಡೆಯುವವರ ಜಾಗ. ಊರು ಬದಲಾಯಿಸುವುದೇ ಒಂದು ಉದ್ಯೋಗ, ಅದಕ್ಕೆ ಫುಟ್‌ಬಾಲ್ ಎನ್ನುತ್ತಾರೆ ಎಂದು ನಾನು ಬಹಳ ದಿನ ತಿಳಿದಿದ್ದೆ.

ಆಟದ ಸೀಸನ್ ಮುಗಿದ ಮೇಲೆ ಎರಡು ಮೂರು ತಿಂಗಳು ಅವರು ನಮ್ಮ ಪಕ್ಕದಲ್ಲಿರುತ್ತಿದ್ದರು. ಕ್ವಾರ್ಟರ್ಸಿನ ಹಿಂದಿನ ಗಲ್ಲಿಯಲ್ಲಿ ಅವರದೊಂದು ಬಾಡಿಗೆ ಕೋಣೆ ಇತ್ತು. ವರ್ಷವಿಡೀ ಬೀಗ, ಬೇಸಿಗೆಯಲ್ಲಿ ಮಾತ್ರ ದೀಪ. ಅವರಿಗೆ ಬರುವ ಕಾಗದಗಳೆಲ್ಲ ಅಪ್ಪನ ಹೆಸರು ಬರೆಸಿಕೊಂಡು ನಮ್ಮ ಮನೆಗೇ ಬರುತ್ತಿದ್ದವು. ಯಾವ ಊರಿನ ಕ್ಲಬ್ ಕರೆದಿದೆ ಎಂಬುದು ಅವರಿಗಿಂತ ಮೊದಲು ಅಪ್ಪನಿಗೆ ಗೊತ್ತಾಗುತ್ತಿತ್ತು.

ನನಗೆ ಕೆದಕಿ ಕೇಳುವ ಚಟ ಆಗಲೇ ಇತ್ತು. ಒಂದೊಂದು ಊರೂ ಕಾಕಾಗೆ ಏನಾದರೂ ಅಂಟಿಸಿ ಕಳಿಸುತ್ತಿತ್ತು, ಈ ಸಲ ಏನು ಅಂಟಿದೆ ಎಂದು ಹುಡುಕುವುದೇ ನನ್ನ ಬೇಸಿಗೆ ರಜೆಯ ಕೆಲಸ. ಕಲ್ಕತ್ತಾ ಸಾಸಿವೆ ಎಣ್ಣೆ ಅಂಟಿಸಿತು. ಕೇರಳದಿಂದ ಬಂದ ವರ್ಷ ತಣ್ಣೀರು ಮುಟ್ಟಲಿಲ್ಲ. ಏಪ್ರಿಲ್ ಬಿಸಿಲಿನಲ್ಲೂ ಜೀರಿಗೆ ಹಾಕಿ ಕಾಯಿಸಿದ ಬಿಸಿನೀರೇ ಬೇಕು. ಗೋವಾದಿಂದ ಬಂದಾಗ ಅಲ್ಲಿಯ ಪಾವಿನಂತೆ ಜೋಳದ ರೊಟ್ಟಿಯನ್ನು ಚಹಾದಲ್ಲಿ ಅದ್ದಲು ಹೋಗಿ ಅವ್ವನಿಂದ ಬೈಸಿಕೊಂಡರು. ಪಂಜಾಬಿನಿಂದ ಬಂದಾಗ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು, ಇದು ಅಲ್ಲಿಯ ಪದ್ಧತಿ ಎಂದು ನಮಗೆ ತೋರಿಸಿದರು.

‘ಇದನ್ನ ಕಲ್ಯಾಕ ಅಷ್ಟ ದೂರ ಹೋಗಬೇಕಾತೇನ್ರಿ?’ ಅಂದಳು ಅವ್ವ. ‘ನಮ್ಮ ಕಡೆ ಎಲ್ಲಾರೂ ಹಿಂಗ ತಿಂತಾರಲ್ಲ.’

ಬಿಟ್ಟು ಬಂದ ಟೀಮಿನ ಜರ್ಸಿಯನ್ನು ಅವರು ಮತ್ತೆ ಮೈಮೇಲೆ ಹಾಕುತ್ತಿರಲಿಲ್ಲ. ಟ್ರಂಕಿನಿಂದ ತೆಗೆದು ಅವ್ವನ ಕೈಗೆ ಕೊಡುತ್ತಿದ್ದರು. ಅವ್ವ ಅವನ್ನು ಒಲೆಯಿಂದ ಬಿಸಿ ಪಾತ್ರೆ ಇಳಿಸುವ ಮಸಿ ಅರಿವೆ ಮಾಡುತ್ತಿದ್ದಳು. ಕಲ್ಕತ್ತಾದಲ್ಲಿ ಸಾವಿರಾರು ಜನ ಚಪ್ಪಾಳೆ ತಟ್ಟಿದ ಜರ್ಸಿಯಿಂದ ನಮ್ಮ ಮನೆಯ ಬೇಳೆ ಇಳಿಯುತ್ತಿತ್ತು. ಕಾಕಾಗೆ ಅದರಿಂದ ಬೇಜಾರೇನೂ ಇರಲಿಲ್ಲ, ಬೇಜಾರಾಗುತ್ತಿದ್ದದ್ದು ಅಪ್ಪನಿಗೆ. ‘ಅದನ್ಯಾಕ ಸುಡಾಕತ್ತೀದಿ’ ಎಂದು ಅವ್ವನ ಕೈಯಿಂದ ಎಷ್ಟೋ ಸಲ ಕಸಿದುಕೊಂಡು, ಒಗೆದು, ಮಡಿಚಿ ಇಟ್ಟಿದ್ದಾರೆ.

ಒಂದು ಸಲ ಕೇಳಿದೆ. ಹೊಸ ಊರಿಗೆ ಹೋದಾಗ ಅಲ್ಲಿಯ ಭಾಷೆ ಬಾರದೆ ಹೇಗೆ ಆಡುತ್ತೀರಿ? ಕಾಕಾ ಒಂದು ಸಣ್ಣ ಡೈರಿಯ ಕೊನೆಯ ಪುಟ ತೆಗೆದು ತೋರಿಸಿದರು. ಊರಿನ ಹೆಸರು, ಅದರ ಮುಂದೆ ಎರಡೇ ಶಬ್ದ. ಕೊಡು ಎನ್ನುವುದಕ್ಕೆ ಅಲ್ಲಿ ಏನೆನ್ನುತ್ತಾರೆ, ಹೊಡೆ ಎನ್ನುವುದಕ್ಕೆ ಏನೆನ್ನುತ್ತಾರೆ. ಕಲ್ಕತ್ತಾದ ಮುಂದೆ ದೇ, ಮಾರ್. ಕೇರಳದ ಮುಂದೆ ತಾ, ಅಡಿ. ‘ಇವೆರಡು ಗೊತ್ತಿದ್ರ ಮೈದಾನದಾಗ ಸಾಕು ತಂಗಿ. ಉಳಿದದ್ದೆಲ್ಲಾ ಊಟಕ್ಕ ಬೇಕು’ ಅಂದರು. ಆ ಎರಡೇ ಶಬ್ದ ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಅದರ ಹಿಂದಿನ ಕಥೆ ನಮ್ಮ ಮನೆಗೆ ಬಂದು ಚಹಾ ಕುಡಿದವರಿಗೆಲ್ಲ ಬಾಯಿಪಾಠವಾಗಿತ್ತು.

ಆ ಕಥೆ ತಿಳಿಯಬೇಕಾದರೆ ಇಲ್ಲಿಯ ಕನ್ನಡಿಗರ ಒಂದು ಫಜೀತಿ ತಿಳಿದಿರಬೇಕು. ನಾವು ‘ಕೊಡತೀನಿ’ ಅಂದರೆ ತೆಲುಗರಿಗೆ ಹೊಡೆಯುತ್ತೇನೆ ಎಂದಂತೆ ಕೇಳಿಸುತ್ತದೆ. ಅವ್ವ ಈ ಊರಿಗೆ ಬಂದ ಹೊಸದರಲ್ಲಿ ತರಕಾರಿಯವಳಿಗೆ ‘ತಡಿ, ಚೀಲಾ ಕೊಡತೀನಿ’ ಎಂದು ಕೈ ಮುಂದೆ ಮಾಡಿದಳಂತೆ, ಆಕೆ ಬುಟ್ಟಿ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಳಂತೆ. ಹಾಗೆಯೇ ತೆಲುಗಿನವರು ‘ಕೊಟ್ಟು’ ಅಂದರೆ ಅದರ ಅರ್ಥ ಹೊಡೆ ಎಂದು. ಹುಬ್ಬಳ್ಳಿಯ ಕಿವಿಗೆ ಅದು ಕೊಟ್ಟುಬಿಡು ಎಂಬುದರ ಅರ್ಧದಂತೆ ಕೇಳಿಸುತ್ತದೆ.

ಆಯ್ಕೆಯ ದಿನ ಮುಂದಿನ ಸಾಲಿನಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಆಟ ಮುಗಿಯಲು ಇನ್ನೇನು ಐದು ನಿಮಿಷ. ಚೆಂಡು ಕಾಕಾನ ಕಾಲಲ್ಲಿ, ಗೋಲ್‌ಕೀಪರ್ ನೆಲಕ್ಕೆ ಬಿದ್ದಿದ್ದಾನೆ, ಮುಂದೆ ಗೋಲು ಖಾಲಿ. ಹಿಂದಿನಿಂದ ತೆಲುಗು ಹುಡುಗರು ‘ಕೊಟ್ಟು, ಕೊಟ್ಟು’ ಎಂದು ಕೂಗಿದರು. ಕಾಕಾ, ಕೊಡು ಎನ್ನುತ್ತಿದ್ದಾರೆಂದು ತಿಳಿದು, ಚೆಂಡನ್ನು ಎಡಗಡೆ ಇದ್ದ ಅಪ್ಪನಿಗೆ ಕೊಟ್ಟುಬಿಟ್ಟರು. ಅಪ್ಪ ಗೋಲು ಹೊಡೆದರು. ಸಂಜೆ ಪಟ್ಟಿಯಲ್ಲಿ ಅಪ್ಪನ ಹೆಸರಿತ್ತು.

‘ನನಗ ತೆಲುಗು ಬರತಿದ್ದಿಲ್ಲ, ಇವಗ ನೌಕರಿ ಆತು’ ಎಂದು ಕಾಕಾ ಕಥೆ ಮುಗಿಸುತ್ತಿದ್ದರು. ತೆಲುಗು ಹುಡುಗರ ಧ್ವನಿ ಒಂದು, ತಮ್ಮ ಪೆದ್ದು ಮುಖ ಒಂದು, ಎರಡನ್ನೂ ಮಾಡಿ ತೋರಿಸುತ್ತಿದ್ದರು. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದರು, ಎಲ್ಲರಿಗಿಂತ ಕೊನೆಯಲ್ಲಿ, ಸ್ವಲ್ಪವೇ.

ಕಾಕಾ ಎದುರಿಗಿಲ್ಲದಾಗ ಅಪ್ಪನ ಮಾತೇ ಬೇರೆ. ನಮ್ಮ ಮನೆಯಲ್ಲಿ ಏನು ಒಳ್ಳೆಯದಾದರೂ, ಪ್ರಮೋಷನ್ ಬಂದರೂ, ನನಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೀಟು ಸಿಕ್ಕರೂ, ಕೊನೆಗೆ ಮಲ್ಕಾಜ್‌ಗಿರಿಯಲ್ಲೇ ಎರಡು ಕೋಣೆಯ ಸ್ವಂತ ಮನೆ ಎದ್ದಾಗಲೂ, ಅವರು ಹೇಳುತ್ತಿದ್ದದ್ದು ಇದೊಂದೇ.

‘ಇದೆಲ್ಲಾ ಅವನ ನಸೀಬು. ನಾವು ಉಣ್ಣಾಕತ್ತೀವಿ.’

‘ಮೂವತ್ತ ವರ್ಷ ನೈಟ್ ಡ್ಯೂಟಿ ಮಾಡಿದವ್ರು ಅವ್ರೇನ್ರಿ?’ ಎಂದು ಅವ್ವ ರೇಗುತ್ತಿದ್ದಳು. ಅಪ್ಪನಿಗೆ ಅದು ಕಿವಿಗೆ ಬೀಳುತ್ತಿರಲಿಲ್ಲ. ಖಾಲಿ ಗೋಲಿನ ಎದುರು ಒಬ್ಬ ಹುಡುಗ ಒಂದು ಶಬ್ದ ತಪ್ಪಾಗಿ ಕೇಳಿಸಿಕೊಂಡ, ಆ ತಪ್ಪಿನೊಳಗೆ ತಾನು ಸಂಸಾರ ಹೂಡಿದ್ದೇನೆ ಎಂದೇ ಅವರು ನಂಬಿದ್ದರು. ಟೀಮಿನಲ್ಲಿ ಆಡಿದ್ದು ಆರೇಳು ವರ್ಷ. ಆಮೇಲೆ ತಾವಾಗಿಯೇ ಬಿಟ್ಟರು. ಅಪ್ಪನೂ ಆಟಗಾರರಾಗಿದ್ದರು ಎಂಬುದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಕಾಕಾ ಬಂದ ದಿನ ತಮ್ಮ ಮಂಚ ಅವರಿಗೆ ಬಿಟ್ಟು ನೆಲಕ್ಕೆ ಚಾಪೆ ಹಾಸುತ್ತಿದ್ದರು, ಬಿಸಿ ರೊಟ್ಟಿ ಮೊದಲು ಆ ತಟ್ಟೆಗೇ ಬೀಳಬೇಕಿತ್ತು. ನನಗೆ ಕೆಲವೊಮ್ಮೆ ಸಿಟ್ಟು ಬರುತ್ತಿತ್ತು. ನಾನು ಬೇರೆಯವರ ಅದೃಷ್ಟದ ಅನ್ನ ತಿಂದು ಬೆಳೆದವಳು ಎಂದು ಯಾವ ಹುಡುಗಿಗೆ ಕೇಳಲು ಇಷ್ಟ?

ಕಾಕಾನ ಮೊಣಕಾಲು ಮೂವತ್ತನಾಲ್ಕನೇ ವಯಸ್ಸಿಗೆ ಕೈಕೊಟ್ಟಿತು. ಕೊನೆಯ ಎರಡು ವರ್ಷ ಬೆಂಚಿನ ಮೇಲೆ ಕುಳಿತದ್ದೇ ಹೆಚ್ಚು. ಅದನ್ನೂ ನಗುತ್ತಲೇ ಹೇಳುತ್ತಿದ್ದರು, ಬೆಂಚು ಎಲ್ಲ ಊರಿನಲ್ಲೂ ಒಂದೇ ಥರ ಗಟ್ಟಿ ಎಂದು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, ಯಾವ ಊರಿನ ಹುಡುಗಿ ಎಂದು ತೀರ್ಮಾನವಾಗುವ ಮೊದಲೇ ಊರು ಬದಲಾಗುತ್ತಿತ್ತು ಎನ್ನುತ್ತಿದ್ದರು. ನಿಜವಿತ್ತೋ ಏನೋ... ಆಡುವುದು ನಿಂತ ಮೇಲೆ ಬೆಟಗೇರಿಗೆ ಹೋಗಲಿಲ್ಲ. ಟ್ರಂಕು ಹೊತ್ತುಕೊಂಡು ಅದೇ ಹಿಂದಿನ ಗಲ್ಲಿಯ ಕೋಣೆಗೆ ಬಂದರು, ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸತೊಡಗಿದರು. ನಾನು ಮದುವೆಯಾಗಿ ಕೊಂಡಾಪುರಕ್ಕೆ ಹೋದಾಗಲೂ ಅವರು ಅಲ್ಲಿಯೇ ಇದ್ದರು, ತೆಲಂಗಾಣ ಬೇರೆ ರಾಜ್ಯವಾದಾಗಲೂ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ತವರಿಗೆ ಹೋಗಿದ್ದೆ. ಅವ್ವ ಕೊಟ್ಟ ರೊಟ್ಟಿ ಡಬ್ಬಿ ತೆಗೆದುಕೊಂಡು ಶಾಲೆಯ ಮೈದಾನಕ್ಕೆ ಹೋದೆ. ಕಾಕಾ ಗೆರೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸೀಟಿ ಹಿಡಿದು ಕುಳಿತಿದ್ದರು. ಹುಡುಗರೆಲ್ಲ ಸುತ್ತಲಿನ ಮನೆಗಳವರು, ಬಹುಪಾಲು ತೆಲುಗರು. ನೀರು ಕುಡಿಯಲು ಬಂದಾಗ ತಮ್ಮತಮ್ಮಲ್ಲಿ ತೆಲುಗಿನಲ್ಲೇ ಜಗಳವಾಡುತ್ತಿದ್ದರು. ಆದರೆ ಚೆಂಡು ಉರುಳಿದ್ದೇ ತಡ, ಭಾಷೆ ಬದಲಾಗುತ್ತಿತ್ತು.

‘ಮಾರ್ ರೇ! ಮಾರ್!’

ಪಾಸ್ ಬೇಕಾದರೆ ‘ದೇ ರೇ’. ಗೋಲು ತಪ್ಪಿದರೆ ‘ಕ್ಯಾ ರೇ ತೂ’. ಅರ್ಧ ಗಂಟೆ ನಿಂತೆ. ಒಬ್ಬ ಹುಡುಗನ ಬಾಯಲ್ಲೂ ಕೊಟ್ಟು ಎಂಬ ಶಬ್ದ ಬರಲಿಲ್ಲ. ಹೈದರಾಬಾದಿನ ಮೈದಾನದ ಭಾಷೆ ದಖನಿ, ಇಲ್ಲಿಯ ಉರ್ದು. ಕ್ರಿಕೆಟ್ಟಿರಲಿ, ಲಗೋರಿ ಇರಲಿ, ನಾನು ಹುಟ್ಟಿದಾಗಿನಿಂದ ಕೇಳಿದ್ದೂ ಅದನ್ನೇ. ಮನೆಯಲ್ಲಿ ಏನೇ ಮಾತಾಡಲಿ, ಆಡುವಾಗ ಎಲ್ಲರೂ ಮಾರ್ ರೇ. ಇಷ್ಟು ವರ್ಷ ಇದು ನನಗೆ ಹೇಗೆ ಹೊಳೆಯಲಿಲ್ಲ? ಮಾರ್ ಅಂದರೆ ಹೊಡೆ ಎಂದು ಹುಬ್ಬಳ್ಳಿಯಲ್ಲಿ ಆಡಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಡಬ್ಬಿ ಅವರ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತೆ.

‘ಕಾಕಾ, ಆ ದಿನಾ ಕೊಟ್ಟು ಅಂತ ಒದರಿದವ್ರು ಯಾರ್ರಿ?’

‘ಯಾಕ?’

‘ಇಲ್ಲೆ ಯಾರೂ ತೆಲುಗಿನ್ಯಾಗ ಒದರಾಕತ್ತಿಲ್ಲಲ್ರಿ. ಆವಾಗ ಒದರತಿದ್ರೇನು?’

ಅವರು ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತಾ ಹುಡುಗರ ಕಡೆ ನೋಡಿದರು. ಆಮೇಲೆ ನಕ್ಕರು. ‘ಆವಾಗಂತೂ ಬರೇ ಉರ್ದೂನ. ಆಫ್‌ಸೈಡ್ ಹಿಡದಿ ನೋಡ ತಂಗಿ ನೀ ನನ್ನ’ ಅಂದರು.

ನಿಜವಾಗಿ ಆದದ್ದು ಇಷ್ಟು. ಗೋಲ್‌ಕೀಪರ್ ಬಿದ್ದಿರಲಿಲ್ಲ. ಮುಂದಕ್ಕೆ ನುಗ್ಗಿ ಬಂದು ದಾರಿಯನ್ನೆಲ್ಲ ಮುಚ್ಚಿದ್ದ. ಕಾಕಾ ಹೊಡೆದಿದ್ದರೆ ಚೆಂಡು ಅವನ ಎದೆಗೇ ಬಡಿಯುತ್ತಿತ್ತು. ಎಡಗಡೆ ಅಪ್ಪ ಒಬ್ಬರೇ ಓಡಿ ಬರುತ್ತಿದ್ದರು. ಆ ಹೊತ್ತಿಗೆ ಅಲ್ಲಿ ಯಾವ ಫಾರ್ವರ್ಡ್ ಇದ್ದರೂ ಚೆಂಡನ್ನು ಎಡಕ್ಕೇ ಕೊಡಬೇಕು. ಯಾರೂ ಏನೂ ಕೂಗಿರಲಿಲ್ಲ, ಕೂಗುವಷ್ಟು ಹೊತ್ತೂ ಇರಲಿಲ್ಲ. ಸಂಜೆ ಪಟ್ಟಿಯಲ್ಲಿ ತನ್ನ ಹೆಸರು ನೋಡಿದ ಅಪ್ಪ ಅಳುತ್ತಾ ಕುಳಿತುಬಿಟ್ಟರಂತೆ. ಇದು ನೀ ಕೊಟ್ಟ ಗೋಲು, ನನಗೆ ಈ ನೌಕರಿ ಬೇಡ, ನಾನು ಸಹಿ ಮಾಡುವುದಿಲ್ಲ ಎಂದು ಹಟ. ಸಹಿ ಮಾಡಲು ಇದ್ದದ್ದು ಮರುದಿನ ಬೆಳಗಿನ ತನಕ.

‘ನಾ ಏನೂ ಕೊಟ್ಟಿಲ್ಲಲೇ, ನಂಗ ಅವರ ಮಾತು ತಿಳೀಲಿಲ್ಲ ಅಂತ ಅಂದುಬಿಟ್ಟೆ’ ಅಂದರು ಕಾಕಾ. ಆ ದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ಕೊಟ್ಟು ಎಂಬ ತೆಲುಗು ಶಬ್ದ ಕೇಳಿ ಇಬ್ಬರೂ ನಕ್ಕಿದ್ದರಂತೆ, ಅದು ಬಾಯಿಗೆ ಬಂತು. ತಪ್ಪಿನಿಂದ ಆದದ್ದಕ್ಕೆ ಯಾರ ಹಂಗೂ ಇಲ್ಲ ಎಂದು ಅಪ್ಪ ಸಹಿ ಮಾಡಿದರು. ಕಾಕಾ ಕಲ್ಕತ್ತಾದ ರೈಲು ಹತ್ತಿದರು. ಮುಂದೆ ಪ್ರತಿ ಹೊಸ ಊರಿನಲ್ಲಿ, ಯಾರ ಗುರುತೂ ಇಲ್ಲದ ಮೊದಲ ದಿನ, ಇದೇ ಕಥೆಯನ್ನು ಕೈಸನ್ನೆಯಲ್ಲಿ ಹೇಳಿ ನಗಿಸಿ ದೋಸ್ತಿ ಮಾಡಿಕೊಂಡರು. ಹೇಳಿಹೇಳಿ ಗೋಲ್‌ಕೀಪರ್ ನೆಲಕ್ಕೆ ಬಿದ್ದ, ಗೋಲು ಖಾಲಿಯಾಯಿತು.

ಅಪ್ಪ ಆಯ್ಕೆ ನಡೆದ ಅದೇ ಮೈದಾನದಲ್ಲಿ ಆರೇಳು ವರ್ಷ ಆಡಿದವರು. ಅಲ್ಲಿ ಯಾರೂ ತೆಲುಗಿನಲ್ಲಿ ಕೂಗುವುದಿಲ್ಲ ಎಂದು ಅವರಿಗೆ ಗೊತ್ತಾಗಲಿಲ್ಲವೇ ಎಂಬುದು ನನಗೆ ಇನ್ನೂ ಬಿಡಿಸದ ಒಗಟು. ನೋಯುವ ಹಲ್ಲಿನ ಕಡೆ ನಾವು ಅಗಿಯುವುದಿಲ್ಲ, ಹಾಗೇನಾದರೂ ಇರಬಹುದು.

ನಾನು ಆಗ ತಡೆಯಲಾರದೆ ಹೇಳಿಬಿಟ್ಟೆ. ‘ಅಪ್ಪ ಇವತ್ತಿಗೂ ಅಂತಾರ್ರಿ, ನಾವು ನಿಮ್ಮ ನಸೀಬು ಉಣ್ಣಾಕತ್ತೀವಿ ಅಂತ.’

ಕಾಕಾನ ಮುಖದಲ್ಲಿದ್ದ ನಗು ಹೋಯಿತು. ‘ಅಂವ ನಗತಿದ್ನಲ್ಲ?’ ಅಂದರು.

ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗೆಳೆಯನ ಭಾರ ಇಳಿಸಲೆಂದು ಹೇಳಿದ ಸುಳ್ಳು ಗೆಳೆಯನ ತಲೆಯ ಮೇಲೆ ಹತ್ತಿರ ಹತ್ತಿರ ಐವತ್ತು ವರ್ಷ ಕುಳಿತಿತ್ತು, ಅದನ್ನು ಬೇಸಿಗೆಗೊಮ್ಮೆ ತಾವೇ ಬಂದು ಗಟ್ಟಿ ಮಾಡಿ ಹೋಗುತ್ತಿದ್ದರು. ಊರೂರು ತಿರುಗಿ ಅಷ್ಟು ಜನರನ್ನು ಕಂಡ ಮನುಷ್ಯ, ಒಂದೇ ಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತವನ ನಗುವನ್ನು ಗಮನಿಸಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು.

‘ನೀ ಹೇಳಬ್ಯಾಡ’ ಅಂದರು ಕಾಕಾ. ‘ಸುಳ್ಳು ಹೇಳಿದವ ನಾ. ನಾನ ಹೇಳತೀನಿ.’

ಮುಂದಿನ ಭಾನುವಾರ ಮಲ್ಕಾಜ್‌ಗಿರಿಯ ನಮ್ಮ ಮನೆಗೆ ಬಂದರು. ಅಪ್ಪನ ಪಕ್ಕ ಕುಳಿತು ಮೊಣಕಾಲಿನ ಬಗ್ಗೆ, ಮಳೆ ಬಾರದ ಬಗ್ಗೆ, ಮಲ್ಕಾಜ್‌ಗಿರಿ ಸ್ಟೇಷನ್ ಮೊದಲಿನಂತಿಲ್ಲ ಎಂಬ ಬಗ್ಗೆ ಮಾತಾಡಿ ಎದ್ದು ಹೋದರು. ಅದರ ಮುಂದಿನ ವಾರವೂ ಹಾಗೆಯೇ. ನಾನು ಹೋದಾಗಲೆಲ್ಲ ಅವರ ಮುಖ ನೋಡುತ್ತಿದ್ದೆ, ಅವರು ನನ್ನ ಕಣ್ಣು ತಪ್ಪಿಸುತ್ತಿದ್ದರು. ಯಾವ ಗೋಲ್‌ಕೀಪರನ ಎದುರೂ ಹಿಂಜರಿಯದವರು ಎಂದು ಹೆಸರಾಗಿದ್ದವರು ಅಪ್ಪನ ಎದುರು ಬಾಯಿ ತೆರೆಯಲಾರದೆ ಹೋದರು. ಹೀಗೆ ನಾಲ್ಕೈದು ತಿಂಗಳು. ಆಮೇಲೆ ತಮ್ಮ ಅಕ್ಕನ ಮೊಮ್ಮಗಳ ಮದುವೆಗೆಂದು ಬೆಟಗೇರಿಗೆ ಹೋದರು. ಮದುವೆಯ ಮಾರನೆಯ ಬೆಳಿಗ್ಗೆ ಏಳಲಿಲ್ಲ.

ಅಪ್ಪ ಮಣ್ಣಿಗೆ ಹೋಗಿ ಬಂದವರು, ‘ನಸೀಬು ಕೊಟ್ಟವ ಹೋದ’ ಎಂದು ಒಂದೇ ಮಾತು ಹೇಳಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ಆಗ ನಾನು ಬಾಯಿ ತೆರೆಯಬೇಕಿತ್ತು. ಧೈರ್ಯ ಬರಲಿಲ್ಲ. ಗೆಳೆಯನನ್ನು ಕಳೆದುಕೊಂಡವರಿಂದ ಗೆಳೆಯನ ಕಥೆಯನ್ನೂ ಹೇಗೆ ಕಿತ್ತುಕೊಳ್ಳುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಒಂದು ವರ್ಷ ದಾಟಿಸಿದೆ. ಕಾಕಾ ಮಾಡಿದ್ದನ್ನೇ ನಾನೂ ಮಾಡುತ್ತಿದ್ದೆ.

ಹೋದ ವಾರದ ಆ ಲಿಫ್ಟಿನಿಂದ ಇಳಿದವಳೇ ಭಾನುವಾರಕ್ಕೆ ಕಾದು ಮಲ್ಕಾಜ್‌ಗಿರಿಗೆ ಹೋದೆ. ಅಪ್ಪ ಅವ್ವನ ಜೊತೆಗಿರುವ ನನ್ನ ತಮ್ಮನ ಸಂಸಾರ ಸಿನಿಮಾಕ್ಕೆ ಹೋಗಿತ್ತು. ಅಪ್ಪ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು, ಅವ್ವ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮೈದಾನದಲ್ಲಿ ಕೇಳಿದ್ದು, ಕಾಕಾ ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಪ್ಪನಿಗೆ ಕೋಪ ಬರಬಹುದು ಎಂದುಕೊಂಡಿದ್ದೆ, ಇಲ್ಲವೇ ಅಳು.

ಅವರು ಕೇಳಿದ್ದು ಬೇರೆ. ‘ಕೀಪರ್ ಬಿದ್ದಿದ್ದಿಲ್ಲಂತೇನು?’

‘ಇಲ್ಲಂತ್ರಿ ಅಪ್ಪಾ. ಮುಂದ ಬಂದಿದ್ನಂತ.’

‘ನಂಗ ಅಂವ ಹೇಳಿದ್ದ ನೆನಪೈತಿ’ ಅಂದರು ನಿಧಾನಕ್ಕೆ. ‘ನಾ ನೋಡಿದ್ದು ನೆನಪಿಲ್ಲ.’ ಕಣ್ಣು ಮುಚ್ಚಿಕೊಂಡರು. ಆಮೇಲೆ ಕುರ್ಚಿಯ ತೋಳು ಹಿಡಿದು ಎದ್ದು ನಿಂತರು. ಕಾಕಾ ಕೊಟ್ಟ ಚೆಂಡು ತಮಗಿಂತ ಸ್ವಲ್ಪ ಹಿಂದೆ ಬಿದ್ದಿತ್ತು ಅಂದರು. ಗಟ್ಟಿ ನೆಲ, ಅದಕ್ಕೆ ಪುಟಿಯಿತು. ಎದುರು ಟೀಮಿನ ಒಬ್ಬ ಬೆನ್ನಟ್ಟಿ ಬಂದು ಅಂಗಿ ಹಿಡಿದು ಎಳೆಯುತ್ತಿದ್ದ. ತಿರುಗಿ ಎಡಗಾಲಿನಿಂದಲೇ ಹೊಡೆಯಬೇಕಾಯಿತು, ಎಡಗಾಲಿನ ಹೊಡೆತ ಅವರಿಗೆ ಯಾವತ್ತೂ ಅಷ್ಟು ಸರಿಯಾಗಿ ಬರುತ್ತಿರಲಿಲ್ಲವಂತೆ. ಹೇಳುತ್ತಾ ಗೋಡೆಗೆ ಒಂದು ಕೈ ಕೊಟ್ಟು ಎಡಗಾಲನ್ನು ಸ್ವಲ್ಪ ಎತ್ತಿ ಗಾಳಿಯಲ್ಲಿ ಬೀಸಿ ತೋರಿಸಿದರು. ಅವ್ವ ಬೆಳ್ಳುಳ್ಳಿ ಬಿಟ್ಟು ನೋಡುತ್ತಿದ್ದಳು. ಸಾವಿರ ಸಲ ಕೇಳಿದ ಆ ಕಥೆ ಯಾವಾಗಲೂ ಕಾಕಾ ಚೆಂಡು ಕೊಡುವಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಹೊಡೆದ ಗೋಲು ಹೇಗಿತ್ತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲೇ ಇಲ್ಲ.

‘ಸರಳ ಇದ್ದಿಲ್ಲ ಅದು’ ಅಂದರು ಅಪ್ಪ. ಮುಖ ಕೆಂಪಾಗಿತ್ತು. ಎಪ್ಪತ್ತು ದಾಟಿದ ಮನುಷ್ಯ ಹುಡುಗನಂತೆ ನನ್ನನ್ನೇ ನೋಡುತ್ತಾ ನಿಂತಿದ್ದರು.

‘ನಾ ಹೆಂಗ ಹೊಡದೆ ಅಂತ ಅಂವ ಏನರ ಹೇಳಿದ್ನೇನು?’

ಆ ದಿನ ಮೈದಾನದಲ್ಲಿ ನಾನು ಕಾಕಾನನ್ನು ಎಷ್ಟೊಂದು ಕೇಳಿದ್ದೆ. ಇದೊಂದನ್ನು ಕೇಳಿರಲಿಲ್ಲ. ಆ ಗೋಲನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡಿದ್ದವರು ಅವರೊಬ್ಬರೇ. ಭಾಳ ಚಲೋ ಹೊಡೆದ ಅಂದರು ಎಂದು ಹೇಳಲು ಬಾಯಿಯ ತನಕ ಬಂತು. ನುಂಗಿಕೊಂಡೆ.

‘ನಾ ಕೇಳಲಿಲ್ರಿ ಅಪ್ಪಾ’ ಅಂದೆ.

ಅಪ್ಪ ಗೋಡೆ ಹಿಡಿದುಕೊಂಡೇ ಮೆಲ್ಲಗೆ ಕುಳಿತರು. ‘ಕೇಳಬೇಕಾಗಿತ್ತವಾ’ ಅಂದರು.